ಯಜಮಾನ, ಗುಮಾಸ್ತೆ, ಯಂತ್ರ

೧

ವ್ಯಾಪಾರವು ಯಜಮಾನನ ಕಣ್ಣಳತೆಯನ್ನು ದಾಟಿದ ದಿನವೇ ಗುಮಾಸ್ತೆಯು ಹುಟ್ಟಿದನು. ಒಂದೇ ಅಂಗಡಿಯಲ್ಲಿ ಕುಳಿತು, ತಾನೇ ತೂಗಿ, ತಾನೇ ಹಣವನ್ನು ಎಣಿಸಿಕೊಳ್ಳುವವನಿಗೆ ಪರರ ಪ್ರಾಮಾಣಿಕತೆಯ ಚಿಂತೆಯಿಲ್ಲ. ಆದರೆ ಸರಕು ಘಟ್ಟವನ್ನಿಳಿದು ರೇವನ್ನು ಸೇರಿ, ಹಡಗನ್ನೇರಿ, ಮತ್ತೊಂದು ದೇಶದ ಪೇಟೆಯಲ್ಲಿ ವಿಕ್ರಯವಾಗಬೇಕಾದರೆ, ಯಜಮಾನನು ಹೋಗಲಾರದ ಎಡೆಗೆ ಅವನ ಹೆಸರನ್ನು ಹೊತ್ತು ಮತ್ತೊಬ್ಬನು ಹೋಗಬೇಕು. ಪಾರಸಿ ಭಾಷೆಯಿಂದ ಬಂದ 'ಗುಮಾಸ್ತೆ' ಎಂಬ ಶಬ್ದಕ್ಕೆ 'ನೇಮಿಸಲ್ಪಟ್ಟವನು' ಎಂದು ಅರ್ಥ. ಸಂಸ್ಕೃತದ 'ನಿಯುಕ್ತ' ಶಬ್ದಕ್ಕೂ ಅದೇ ಅರ್ಥವಿರುವುದಷ್ಟೆ. ಇಂಗ್ಲೀಷಿನ 'ಏಜೆಂಟ್' ಎಂಬುದಾದರೋ 'ಮಾಡು' ಎಂಬರ್ಥವುಳ್ಳ ಲ್ಯಾಟಿನ್ ಧಾತುವಿನಿಂದ ಹುಟ್ಟಿದ್ದು. ಮೊದಲಿನ ಎರಡು ಶಬ್ದಗಳು ನೇಮಿಸಿದವನೊಬ್ಬನುಂಟೆಂಬುದನ್ನು ನೆನಪಿಗೆ ತರುತ್ತವೆ. ಮೂರನೆಯದು ಮಾಡುವವನನ್ನು ಮಾತ್ರವೇ ಹೇಳಿ ಸುಮ್ಮನಾಗುತ್ತದೆ. ಶಬ್ದಗಳ ಈ ಅಲ್ಪಭೇದದಲ್ಲಿ ದೊಡ್ಡದೊಂದು ವಿವಾದದ ಬೀಜವಿದೆ.

ಈಚೆಗೆ ಕೆಲವು ವರ್ಷಗಳಿಂದ ವಾಣಿಜ್ಯಪ್ರಪಂಚದಲ್ಲಿ ಮನುಷ್ಯನಲ್ಲದ ಗುಮಾಸ್ತೆಯೊಂದು ತಲೆದೋರಿದೆ. ಕೃತಕ ಬುದ್ಧಿಮತ್ತೆಯ ಏಜೆಂಟ್ ಎಂದು ಕರೆಯಲ್ಪಡುವ ಈ ಯಂತ್ರಕ್ರಮವು ಗಿರಾಕಿಗಳಿಗೆ ಉತ್ತರ ಬರೆಯುತ್ತದೆ, ಸರಕನ್ನು ತರಿಸುತ್ತದೆ, ಬೆಲೆಯನ್ನು ಕಟ್ಟುತ್ತದೆ, ಲೆಕ್ಕವನ್ನಿಡುತ್ತದೆ. ಹೆಜ್ಜೆಹೆಜ್ಜೆಗೂ ಯಜಮಾನನ ಅಪ್ಪಣೆಯನ್ನು ಕೇಳುತ್ತ ನಿಲ್ಲುವುದಿಲ್ಲ. ಇದು ಹಿಂದೆಂದೂ ಇಲ್ಲದ ಅದ್ಭುತವೆಂದು ಕೆಲವರು ಹೊಗಳುತ್ತಾರೆ. ಅನರ್ಥಮೂಲವೆಂದು ಕೆಲವರು ಅಂಜುತ್ತಾರೆ. ಯಂತ್ರವು ಹೊಸತೆಂಬುದು ನಿಜ. ಆದರೆ ಅದು ಎಬ್ಬಿಸಿರುವ ಪ್ರಶ್ನೆಯು ಬಹು ಹಳೆಯದು. ಒಬ್ಬನ ಹೆಸರಿನಲ್ಲಿ ಮತ್ತೊಬ್ಬನು ನಡಸಿದ ವ್ಯವಹಾರದಿಂದ ನಷ್ಟವುಂಟಾದರೆ, ಅದನ್ನು ತುಂಬಿಕೊಡಬೇಕಾದವನು ಯಾರು? ಈ ಪ್ರಶ್ನೆಗೆ ಮನುಷ್ಯರು ಸುಮಾರು ನಾಲ್ಕು ಸಾವಿರ ವರ್ಷಗಳಿಂದ ಉತ್ತರವನ್ನು ಹುಡುಕುತ್ತ ಬಂದಿದ್ದಾರೆ. ಆ ಉತ್ತರಗಳನ್ನು ಸಂಗ್ರಹವಾಗಿ ನೋಡಿ, ಅವು ಇಂದಿನ ಯಂತ್ರಕ್ಕೆ ಎಷ್ಟರಮಟ್ಟಿಗೆ ಹೊಂದುತ್ತವೆಂಬುದನ್ನು ವಿಚಾರಿಸುವುದು ಅಪ್ರಯೋಜಕವಾಗಲಾರದು.

೨

ಇಂದಿನ ತುರ್ಕಿ ದೇಶದಲ್ಲಿ ಕೈಸೇರಿ ಎಂಬ ಪಟ್ಟಣದ ಬಳಿ ಕುಲ್‌ತೆಪೆ ಎಂಬ ದಿಬ್ಬವುಂಟು. ಕ್ರಿಸ್ತಪೂರ್ವ ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಕಾನೇಶ್ ಎಂಬ ನಗರವಿತ್ತು. ಟೈಗ್ರಿಸ್ ನದಿಯ ದಡದ ಅಸ್ಸುರ್ ನಗರದ ವರ್ತಕರು ಸುಮಾರು ೬೦೦ ಮೈಲಿಗಳ ದೂರದ ಈ ಊರಿಗೆ ಕತ್ತೆಗಳ ಮೇಲೆ ತವರವನ್ನೂ ಬಟ್ಟೆಗಳನ್ನೂ ಹೇರಿ ಕಳುಹಿಸಿ, ಬದಲಿಗೆ ಬೆಳ್ಳಿಬಂಗಾರಗಳನ್ನು ತರಿಸಿಕೊಳ್ಳುತ್ತಿದ್ದರು. ಅಲ್ಲಿನ ಮನೆಗಳ ಅವಶೇಷಗಳಲ್ಲಿ ೨೦,೦೦೦ಕ್ಕೂ ಮಿಕ್ಕ ಮಣ್ಣಿನ ಹಲಗೆಗಳು ದೊರೆತಿವೆ. ಅವುಗಳಲ್ಲಿ ಬಹುಭಾಗವು ಯಜಮಾನರಿಗೂ ಗುಮಾಸ್ತೆಗಳಿಗೂ ನಡೆದ ಪತ್ರವ್ಯವಹಾರವೇ ಆಗಿದೆ. ಪೂಶು-ಕೇನ್ ಎಂಬ ವರ್ತಕನು ಕಾನೇಶಿನಲ್ಲಿದ್ದು ಅಸ್ಸುರಿನ ಹಲವು ಬಂಡವಳಿಗರ ಕೆಲಸವನ್ನು ನೋಡಿಕೊಳ್ಳುತ್ತಿದ್ದನು. ಅವನ ಹೆಂಡತಿಯಾದ ಲಮಸ್ಸೀ ಎಂಬವಳು ಊರಿನಲ್ಲಿ ಬಟ್ಟೆಯನ್ನು ನೇಯಿಸಿ ಕಳುಹಿಸುತ್ತ, ಗಂಡನಿಗೆ ಓಲೆಗಳನ್ನು ಬರೆಯಿಸುತ್ತಿದ್ದಳು. ಮಣ್ಣಿನ ಓಲೆ, ಅದಕ್ಕೆ ಮಣ್ಣಿನದೇ ಲಕೋಟೆ, ಅದರ ಮೇಲೆ ಮುದ್ರೆ—ಇವಿಷ್ಟೇ ಅಂದಿನ ನಂಬಿಕೆಯ ಸಾಧನಗಳು.

ಸ್ವಲ್ಪ ಕಾಲದ ತರುವಾಯ, ಕ್ರಿಸ್ತಪೂರ್ವ ಹದಿನೆಂಟನೆಯ ಶತಮಾನದಲ್ಲಿ, ಬಾಬಿಲೋನಿನ ಅರಸನಾದ ಹಮ್ಮುರಾಬಿಯ ಶಾಸನಗಳು ಈ ಸಂಬಂಧವನ್ನು ನಿಯಮಬದ್ಧವಾಗಿ ಮಾಡಿದುವು. ಗುಮಾಸ್ತೆಯು ವರ್ತಕನಿಗೆ ಹಣವನ್ನು ಒಪ್ಪಿಸಿದಾಗ ಮುದ್ರೆಯೊತ್ತಿದ ರಸೀತಿಯನ್ನು ಪಡೆಯತಕ್ಕದ್ದು. ಅಜಾಗ್ರತೆಯಿಂದ ರಸೀತಿಯನ್ನು ಪಡೆಯದಿದ್ದರೆ ಆ ಹಣವು ಲೆಕ್ಕಕ್ಕೆ ಬರುವುದಿಲ್ಲ. ದಾರಿಯಲ್ಲಿ ಶತ್ರುಗಳು ಸರಕನ್ನು ಸುಲಿದರೆ, ಗುಮಾಸ್ತೆಯು ದೇವರ ಮೇಲೆ ಆಣೆಯಿಟ್ಟು ಬಿಡುಗಡೆ ಹೊಂದಬಹುದು. ಪಡೆದ ಹಣವನ್ನು ಪಡೆಯಲಿಲ್ಲವೆಂದು ಸುಳ್ಳಾಡಿದ ಗುಮಾಸ್ತೆಯು ಮೂರು ಪಾಲು ತೆರಬೇಕು. ಆದರೆ ಗುಮಾಸ್ತೆಯು ಒಪ್ಪಿಸಿದುದನ್ನು ಒಪ್ಪಿಸಲಿಲ್ಲವೆಂದು ಯಜಮಾನನೇ ಸುಳ್ಳಾಡಿದರೆ ಅವನು ಆರು ಪಾಲು ತೆರಬೇಕು. ಬಲಿಷ್ಠನ ಅಪರಾಧಕ್ಕೆ ಇಮ್ಮಡಿ ದಂಡವೆಂಬ ಈ ವಿವೇಕವು ಗಮನಾರ್ಹವಾದುದು.

೩

ಭರತಖಂಡದ ಶಾಸ್ತ್ರಕಾರರೂ ಈ ವಿಷಯವನ್ನು ಸೂಕ್ಷ್ಮವಾಗಿ ಯೋಚಿಸಿದ್ದಾರೆ. ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ, ಪರರ ಸರಕನ್ನು ಮಾರಿಕೊಡುವ 'ವೈಯಾವೃತ್ಯಕರ'ರ ಪ್ರಸ್ತಾಪವಿದೆ. ಇವರು ದೇಶಕಾಲಗಳಿಗೆ ತಕ್ಕಂತೆ ಮಾರಿ, ಬಂದ ಬೆಲೆಯನ್ನೂ ಲಾಭವನ್ನೂ ಇದ್ದುದಿದ್ದಂತೆ ಒಡೆಯನಿಗೆ ಒಪ್ಪಿಸಬೇಕೆಂದು ಅಲ್ಲಿ ವಿಧಿಸಿದೆ. ಅಧೀನನಾದವನು ಯಜಮಾನನ ಕುಟುಂಬದ ಪ್ರಯೋಜನಕ್ಕಾಗಿ ಸ್ವದೇಶದಲ್ಲಾಗಲಿ ವಿದೇಶದಲ್ಲಾಗಲಿ ಮಾಡಿದ ವ್ಯವಹಾರವನ್ನು ಯಜಮಾನನು ಅಲ್ಲಗಳೆಯಕೂಡದೆಂದು ಮನುಸ್ಮೃತಿಯು ಹೇಳುತ್ತದೆ.

ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಸಂಭೂಯಸಮುತ್ಥಾನವೆಂಬ ಪ್ರಕರಣವು ಹಲವರು ಕೂಡಿ ಮಾಡುವ ವ್ಯಾಪಾರವನ್ನು ಕುರಿತದ್ದು. ಪಾಲುಗಾರನು ತನ್ನ ಕೈಯಿಂದಾದ ನಷ್ಟವನ್ನು ತುಂಬಿಕೊಡಬೇಕಾದ ಸಂದರ್ಭಗಳು ಅಲ್ಲಿ ಮೂರಾಗಿ ವಿಂಗಡವಾಗಿವೆ. ಮಾಡಬೇಡವೆಂದುದನ್ನು ಮಾಡಿದುದು ಪ್ರತಿಷಿದ್ಧ. ಮಾಡೆಂದು ಹೇಳದಿದ್ದುದನ್ನು ಮಾಡಿದುದು ಅನಾದಿಷ್ಟ. ಮಾಡತಕ್ಕುದನ್ನೇ ಮೈಮರೆತು ಕೆಡಿಸಿದುದು ಪ್ರಮಾದ. ಇದರೊಡನೆಯೇ ಮತ್ತೊಂದು ಮಾತುಂಟು: ವಿಪ್ಲವಕಾಲದಲ್ಲಿ ಸರಕನ್ನು ಕಾಪಾಡಿದವನಿಗೆ ಅದರ ಹತ್ತನೆಯ ಒಂದು ಪಾಲು ಸಲ್ಲತಕ್ಕದ್ದು. ಈ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಕನ್ನಡನಾಡಿನ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಬಾಳಿದವನು. ಆ ಗ್ರಂಥವು ಬಂಗಾಳವೊಂದನ್ನುಳಿದು ಹೆಚ್ಚುಕಡಮೆ ಸಮಸ್ತ ಭಾರತದಲ್ಲಿಯೂ ಪ್ರಮಾಣವಾಗಿ ನಿಂತಿತು. ಪ್ರತಿಷಿದ್ಧ, ಅನಾದಿಷ್ಟ, ಪ್ರಮಾದಗಳೆಂಬ ವಿಭಾಗವು ಮೂಲದಲ್ಲಿ ಪಾಲುಗಾರರಿಗೆ ವಿಧಿಸಿದ್ದಾದರೂ, ಪರರ ಹಣವನ್ನು ಕೈಯಲ್ಲಿ ಹಿಡಿದವರೆಲ್ಲರಿಗೂ ಅದರ ನ್ಯಾಯವು ಹೊಂದುವಂಥದು. ಮುಂದೆ ಯಂತ್ರದ ವಿಚಾರದಲ್ಲಿ ಇದೇ ಅಳತೆಗೋಲಾಗುವುದು.

ವಿಜ್ಞಾನೇಶ್ವರನಿಗೆ ಸ್ವಲ್ಪ ಈಚಿನ ಕಾಲದಲ್ಲಿಯೇ ಕರಾವಳಿಯ ಮಂಗಳೂರಿನಲ್ಲಿ ಒಬ್ಬ ಗುಮಾಸ್ತೆಯಿದ್ದನು. ಉತ್ತರ ಆಫ್ರಿಕಾದ ಮಹದಿಯಾ ಎಂಬ ಊರಿನ ಯೆಹೂದಿ ವರ್ತಕನಾದ ಅಬ್ರಹಾಂ ಬೆನ್ ಯಿಜು ಎಂಬವನು ೧೧೩೨ರ ವೇಳೆಗೆ ಮಂಗಳೂರಿನಲ್ಲಿ ನೆಲೆಸಿ, ೧೧೪೯ರಲ್ಲಿ ಏಡನ್ನಿಗೆ ಮರಳುವವರೆಗೆ ಮೆಣಸು, ಅಡಕೆ, ಕಬ್ಬಿಣಗಳ ವ್ಯಾಪಾರವನ್ನು ನಡಸಿದನು. ಕಂಚಿನ ಪಾತ್ರೆಗಳ ಕಾರ್ಖಾನೆಯನ್ನೂ ಇಟ್ಟಿದ್ದನು. ಅವನ ಪತ್ರಗಳು ಕೈರೋ ನಗರದ ಹಳೆಯ ಯೆಹೂದಿ ಮಂದಿರದ ಕಾಗದಗಳ ರಾಶಿಯಲ್ಲಿ ಉಳಿದುಬಂದಿವೆ. ಅವುಗಳಲ್ಲಿ ಅವನ ದಾಸನೊಬ್ಬನ ಹೆಸರು ಬರುತ್ತದೆ. ಮೊದಲು 'ಬಾಮಾ' ಎಂದು ಓದಲಾಗಿದ್ದ ಈ ಹೆಸರನ್ನು ಅಮಿತಾವ ಘೋಷರು, ಮಂಗಳೂರಿನ ವಿದ್ವಾಂಸರಾದ ಬಿ. ಎ. ವಿವೇಕ ರೈ ಅವರೊಡನೆ ವಿಚಾರಿಸಿ, 'ಬೊಮ್ಮ' ಎಂದು ನಿರ್ಣಯಿಸಿದರು.

ದಾಸನಾದರೂ ಬೊಮ್ಮನು ಮನೆಗೆಲಸದವನಲ್ಲ. ಯಜಮಾನನ ಸರಕನ್ನೂ ಹಣವನ್ನೂ ಹೊತ್ತು ಕಡಲನ್ನು ದಾಟಿ ಏಡನ್ನಿಗೆ ಹೋಗಿಬರುತ್ತಿದ್ದ ವ್ಯಾಪಾರದ ಗುಮಾಸ್ತೆ. ಒಮ್ಮೆ ಅವನು ಏಡನ್ನಿನಲ್ಲಿ ಹಲವು ತಿಂಗಳ ಹಣವನ್ನು ಮುಂಗಡವಾಗಿ ಕೇಳಿ ಪಡೆದನೆಂದೂ, ಕುಡಿದು ಬಂದು ಹೇಳಿದ ಮಾತನ್ನು ಕೇಳದೆ ಹೋದನೆಂದೂ ಅಲ್ಲಿನ ವರ್ತಕಮುಖ್ಯನಾದ ಮದ್ಮೂನನು ಬೆನ್ ಯಿಜುವಿಗೆ ದೂರು ಬರೆದಿದ್ದಾನೆ. ಹಾಗಿದ್ದರೂ ಬೆನ್ ಯಿಜು ಅವನನ್ನು ಕೈಬಿಡಲಿಲ್ಲ. ವರ್ಷಗಳು ಕಳೆದಮೇಲೆ, ೧೧೪೮ರಲ್ಲಿ, ಏಡನ್ನಿನ ಮತ್ತೊಬ್ಬ ವರ್ತಕನಾದ ಖಲಾಫನು ಬೆನ್ ಯಿಜುವಿಗೆ ಬರೆದ ಓಲೆಯಲ್ಲಿ ಆ ದಾಸನಿಗೂ ವಿಶೇಷವಾಗಿ ವಂದನೆಗಳನ್ನು ಕಳುಹಿಸಿದ್ದಾನೆ. ದೂರಿಗೆ ಗುರಿಯಾದವನೇ ಕಾಲಕ್ರಮದಲ್ಲಿ ವಂದನೆಗೂ ಪಾತ್ರನಾದನು. ಮನುಷ್ಯ ಗುಮಾಸ್ತೆಯ ವಿಶೇಷವು ಈ ಎರಡು ಓಲೆಗಳಲ್ಲಿ ಅಡಗಿದೆ. ತಪ್ಪು ಮಾಡಿದರೆ ಅವನ ಹೆಸರು ಕೆಡುತ್ತದೆ. ಹೆಸರು ಕೆಟ್ಟುದರ ನೋವು ಅವನಿಗೆ ತಾಗುತ್ತದೆ. ಆ ನೋವಿನಿಂದಲೇ ಅವನು ತಿದ್ದಿಕೊಳ್ಳಬಲ್ಲನು.

೪

ಎಲ್ಲ ಗುಮಾಸ್ತೆಗಳೂ ಹೀಗೆ ತಿದ್ದಿಕೊಂಡರೆಂದು ಹೇಳುವಂತಿಲ್ಲ. ೧೭೫೩ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯು ಬಂಗಾಳದಲ್ಲಿ ದಾದನಿ ವರ್ತಕರ ಮೂಲಕ ಬಟ್ಟೆಯನ್ನು ಕೊಳ್ಳುವ ಪದ್ಧತಿಯನ್ನು ಬಿಟ್ಟು, ತನ್ನ ಸಂಬಳದ ಗುಮಾಸ್ತೆಗಳನ್ನು ನೇಮಿಸಿತು. ಪ್ಲಾಸಿ ಯುದ್ಧದ ತರುವಾಯ ಈ ಗುಮಾಸ್ತೆಗಳು ಕಂಪೆನಿಯ ಹೆಸರನ್ನೇ ಆಯುಧವನ್ನಾಗಿ ಹಿಡಿದು ನೇಕಾರರನ್ನು ಪೀಡಿಸಿದರು. ಕಂಪೆನಿಯ ನೌಕರರ ಖಾಸಗಿ ವ್ಯಾಪಾರವನ್ನೂ ಸುಂಕವಿಲ್ಲದೆ ಸಾಗಿಸಿದರು. ನವಾಬ ಮೀರ್ ಕಾಸಿಮನು ೧೭೬೩ರಲ್ಲಿ ಕಂಪೆನಿಯೊಡನೆ ಯುದ್ಧಕ್ಕಿಳಿಯಲು ಈ ಅನ್ಯಾಯವೂ ಒಂದು ಮುಖ್ಯ ಕಾರಣವಾಯಿತು. ಯಜಮಾನನು ಲಂಡನ್ನಿನಲ್ಲಿ, ಗುಮಾಸ್ತೆಯು ಢಾಕೆಯಲ್ಲಿ. ನಡುವೆ ಹಡಗಿನ ಹಾದಿ ತಿಂಗಳುಗಟ್ಟಲೆ. ಹೊಣೆಯು ಆ ದೂರದಲ್ಲಿಯೇ ಕರಗಿಹೋಯಿತು.

ಈ ಬಗೆಯ ಸಂಬಂಧಗಳನ್ನು ನ್ಯಾಯಕ್ಕೆ ಒಳಪಡಿಸಿದುದು ೧೮೭೨ರ ಭಾರತೀಯ ಕರಾರು ಕಾಯಿದೆ. ಅದರ ಹತ್ತನೆಯ ಅಧ್ಯಾಯವು, ೧೮೨ರಿಂದ ೨೩೮ರವರೆಗಿನ ಕಲಮುಗಳಲ್ಲಿ, ಏಜೆಂಟನ ಸಂಗತಿಯನ್ನು ಹೇಳುತ್ತದೆ. ಏಜೆಂಟನು ಯಜಮಾನನ ಅಪ್ಪಣೆಯಂತೆ ನಡೆಯಬೇಕು (೨೧೧). ತಕ್ಕ ಕೌಶಲವನ್ನೂ ಜಾಗರೂಕತೆಯನ್ನೂ ತೋರಿಸಬೇಕು (೨೧೨). ಕೇಳಿದಾಗ ಲೆಕ್ಕವನ್ನು ಒಪ್ಪಿಸಬೇಕು (೨೧೩). ಕಷ್ಟಸಂದರ್ಭದಲ್ಲಿ ಯಜಮಾನನೊಡನೆ ಸಂಪರ್ಕವನ್ನು ಬೆಳಸಿ ಅವನ ಅಪ್ಪಣೆಯನ್ನು ಪಡೆಯಲು ಯತ್ನಿಸಬೇಕು (೨೧೪). ಯಾಜ್ಞವಲ್ಕ್ಯನ ಮೂರು ವಿಭಾಗಗಳೂ ಇಲ್ಲಿ ಬೇರೆ ಮಾತಿನಲ್ಲಿ ಕಾಣಸಿಗುತ್ತವೆ.

ಈ ಕಾಯಿದೆಯ ೧೮೪ನೆಯ ಕಲಮು ಇಂದಿನ ವಿಷಯಕ್ಕೆ ಅತ್ಯಂತ ಸಮೀಪವಾದುದು. ಹೊರಗಿನವರ ಮಟ್ಟಿಗೆ ಯಾರು ಬೇಕಾದರೂ ಏಜೆಂಟರಾಗಬಹುದು. ಆದರೆ ಅಪ್ರಾಪ್ತವಯಸ್ಕನನ್ನಾಗಲಿ ಸ್ವಸ್ಥಚಿತ್ತನಲ್ಲದವನನ್ನಾಗಲಿ ಏಜೆಂಟನನ್ನಾಗಿ ಕಳುಹಿಸಿದರೆ, ಅವನು ಯಜಮಾನನಿಗೆ ಹೊಣೆಗಾರನಾಗುವುದಿಲ್ಲವೆಂಬುದು ಅದರ ತಾತ್ಪರ್ಯ. ಹುಡುಗನ ಕೈಯಲ್ಲಿ ಚೀಟಿಯನ್ನು ಕೊಟ್ಟು ಅಂಗಡಿಗೆ ಕಳುಹಿಸಿದವನು ಅಂಗಡಿಯವನಿಗೆ ಹಣವನ್ನು ಕೊಡಲೇಬೇಕು. ಹುಡುಗನು ತಪ್ಪಿದರೆ ಹುಡುಗನಿಂದ ವಸೂಲು ಮಾಡುವಂತಿಲ್ಲ. ಹೊಣೆಯರಿಯದವನನ್ನು ನೇಮಿಸಿದವನು ಎರಡು ಕಡೆಯ ಹೊಣೆಯನ್ನೂ ತಾನೇ ಹೊರಬೇಕೆಂದು ಇದರ ಅರ್ಥ.

೫

ಇನ್ನು ಯಂತ್ರದ ಕಥೆ. ನಾಣ್ಯವನ್ನು ಹಾಕಿದರೆ ತೀರ್ಥಜಲವನ್ನು ಕೊಡುವ ಯಂತ್ರವನ್ನು ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿಯೇ ಅಲೆಕ್ಸಾಂಡ್ರಿಯಾದ ಹೀರೋ ಎಂಬವನು ವರ್ಣಿಸಿದ್ದಾನೆ. ಆದರೆ ಅದು ಗುಮಾಸ್ತೆಯಲ್ಲ, ಬರಿಯ ಸನ್ನೆಕೋಲು. ವ್ಯಾಪಾರದಲ್ಲಿ ಚೌಕಾಸಿ ಮಾಡುವ ಗಣಕಕ್ರಮಗಳು ಈಚಿನವು. ೧೯೯೬ರಲ್ಲಿ ಅಮೆರಿಕಾದ ಎಂ. ಐ. ಟಿ. ವಿದ್ಯಾಸಂಸ್ಥೆಯಲ್ಲಿ ಪ್ಯಾಟೀ ಮೇಸ್ ಮತ್ತು ಅವರ ಶಿಷ್ಯರು 'ಕಸ್ಬಾ' ಎಂಬ ಪೇಟೆಯನ್ನು ಗಣಕದೊಳಗೆ ರಚಿಸಿದರು. ಅಲ್ಲಿ ಮಾರುವವರ ಏಜೆಂಟುಗಳೂ ಕೊಳ್ಳುವವರ ಏಜೆಂಟುಗಳೂ ತಮ್ಮತಮ್ಮಲ್ಲಿಯೇ ಬೆಲೆಯನ್ನು ಮಾತನಾಡಿ ಮುಗಿಸುತ್ತಿದ್ದುವು. ಭಾರತದ ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ೧೧ನೆಯ ಕಲಮು ಇಂಥವುಗಳ ಹೊಣೆಯನ್ನು ನಿರ್ಣಯಿಸಿತು: ಒಬ್ಬನು ತಾನಾಗಿಯೇ ನಡೆಯುವಂತೆ ಏರ್ಪಡಿಸಿದ ಯಂತ್ರಕ್ರಮವು ಕಳುಹಿಸಿದ ಲೇಖವು ಅವನೇ ಕಳುಹಿಸಿದಂತೆ.

ಈ ಹಳೆಯ ಬಗೆಯ ಯಂತ್ರಗುಮಾಸ್ತೆಗಳ ಸ್ವಭಾವವನ್ನು ಎರಡು ಪ್ರಸಂಗಗಳಿಂದ ತಿಳಿಯಬಹುದು. ೨೦೧೧ರ ಏಪ್ರಿಲಿನಲ್ಲಿ, ನೊಣದ ಬೆಳೆವಣಿಗೆಯನ್ನು ಕುರಿತ ಒಂದು ಶಾಸ್ತ್ರಗ್ರಂಥದ ಹೊಸ ಪ್ರತಿಯ ಬೆಲೆಯು ಅಮೆಜಾನ್ ಪೇಟೆಯಲ್ಲಿ ೨,೩೬,೯೮,೬೫೫ ಡಾಲರಿಗೆ ಏರಿತು. ಇಬ್ಬರು ಮಾರಾಟಗಾರರ ಗಣಕಕ್ರಮಗಳಲ್ಲಿ ಒಂದು ಎದುರಾಳಿಯ ಬೆಲೆಯ ೦.೯೯೮೩ರಷ್ಟನ್ನೂ, ಇನ್ನೊಂದು ೧.೨೭ರಷ್ಟನ್ನೂ ದಿನದಿನವೂ ತನ್ನ ಬೆಲೆಯೆಂದು ಬರೆಯುತ್ತ ಹೋದುವು. ಒಂದನ್ನೊಂದು ನೋಡಿ ಎರಡೂ ಏರಿದುವು. ನೊಣದ ಪುಸ್ತಕವು ಅರಮನೆಯ ಬೆಲೆಯನ್ನು ಮುಟ್ಟಿತು. ಇದರಿಂದ ಯಾರಿಗೂ ಹಾನಿಯಾಗಲಿಲ್ಲ, ಜಗತ್ತು ನಕ್ಕಿತು.

ಎರಡನೆಯದು ನಗುವ ಸಂಗತಿಯಲ್ಲ. ನೈಟ್ ಕ್ಯಾಪಿಟಲ್ ಎಂಬ ಅಮೆರಿಕಾದ ಷೇರು ವ್ಯಾಪಾರದ ಕಂಪೆನಿಯು ೨೦೧೨ರ ಆಗಸ್ಟ್ ೧ರ ಪೇಟೆಗಾಗಿ ತನ್ನ ಎಂಟು ಗಣಕಗಳಿಗೆ ಹೊಸ ಕ್ರಮವನ್ನು ಅಳವಡಿಸಬೇಕಾಗಿತ್ತು. ಏಳಕ್ಕೆ ಅಳವಡಿಸಿ ಎಂಟನೆಯದನ್ನು ಮರೆತರು. ಅದರಲ್ಲಿ ವರ್ಷಗಳಿಂದ ಮಲಗಿದ್ದ ಹಳೆಯ ಕ್ರಮವೊಂದು ಎಚ್ಚತ್ತು ಕೊಳ್ಳಲೂ ಮಾರಲೂ ತೊಡಗಿತು. ಗಿರಾಕಿಗಳಿಂದ ಬಂದ ಅಪ್ಪಣೆಗಳು ೨೧೨. ಯಂತ್ರವು ೪೫ ನಿಮಿಷಗಳಲ್ಲಿ ನಡಸಿದ ವ್ಯವಹಾರಗಳು ೪೦ ಲಕ್ಷಕ್ಕೂ ಮಿಕ್ಕುವು. ನಷ್ಟವು ೪೬ ಕೋಟಿ ಡಾಲರುಗಳನ್ನು ಮೀರಿತು. ಮರುವರ್ಷವೇ ಆ ಕಂಪೆನಿಯು ಪ್ರತಿಸ್ಪರ್ಧಿಯೊಡನೆ ವಿಲೀನವಾಯಿತು. ಪೇಟೆ ತೆರೆಯುವ ಮೊದಲೇ ಏನೋ ಕೆಟ್ಟಿದೆಯೆಂದು ಗಣಕವು ೯೭ ಸಂದೇಶಗಳನ್ನು ಕಂಪೆನಿಯವರಿಗೆ ಕಳುಹಿಸಿತ್ತು. ಅದನ್ನು ಎಚ್ಚರಿಕೆಯೆಂದು ತಿಳಿದು ಯಾರೂ ಎದ್ದು ನೋಡಲಿಲ್ಲ. ಇಲ್ಲಿ ಯಂತ್ರವು ಬರೆದುದನ್ನು ಮಾಡಿತು. ಪ್ರಮಾದವು ಯಂತ್ರದ್ದಲ್ಲ, ಯಜಮಾನನದು.

೬

೨೦೨೨ರ ಕೊನೆಯಿಂದ ಈಚೆಗೆ ಬಳಕೆಗೆ ಬಂದ ಭಾಷಾಯಂತ್ರಗಳು ಬೇರೆಯೇ ಬಗೆಯವು. ಅಪಾರವಾದ ಬರಹದ ರಾಶಿಯನ್ನು ಅಭ್ಯಾಸ ಮಾಡಿ, ಯಾವ ಮಾತಿನ ಮುಂದೆ ಯಾವ ಮಾತು ಹೊಂದುತ್ತದೆಂಬುದನ್ನು ಊಹಿಸುವ ಶಕ್ತಿಯನ್ನು ಅವು ಪಡೆದಿರುತ್ತವೆ. ಇಂಥ ಯಂತ್ರಕ್ಕೆ ಟಪ್ಪಾಲು, ಲೆಕ್ಕದ ಪುಸ್ತಕ, ಖರೀದಿಯ ತಾಣ ಮುಂತಾದ ಉಪಕರಣಗಳನ್ನು ಕೊಟ್ಟು, ಸಾಧಿಸಬೇಕಾದ ಗುರಿಯನ್ನು ಸಾಮಾನ್ಯವಾದ ಮಾತಿನಲ್ಲಿ ಹೇಳಿದರೆ ಅದು ಏಜೆಂಟ್ ಆಗುತ್ತದೆ. ಅದು ಕೆಲಸವನ್ನು ಹೆಜ್ಜೆಗಳಾಗಿ ಒಡೆಯುತ್ತದೆ. ಒಂದು ಹೆಜ್ಜೆಯಿಟ್ಟು, ಬಂದ ಫಲವನ್ನು ನೋಡಿ, ಮುಂದಿನದನ್ನು ನಿಶ್ಚಯಿಸುತ್ತದೆ. ಹಳೆಯ ಗಣಕಕ್ರಮವು ಆಜ್ಞೆಯನ್ನು ನಡಸುತ್ತಿತ್ತು. ಇದು ಆಜ್ಞೆಗೆ ಅರ್ಥವನ್ನು ಮಾಡಿಕೊಳ್ಳುತ್ತದೆ. ತಿಳಿಯದೆಡೆಯಲ್ಲಿ ತಿಳಿಯದೆಂದು ಹೇಳುವುದಕ್ಕೆ ಬದಲಾಗಿ, ಹೊಂದುವಂತೆ ತೋರುವ ಮಾತನ್ನು ಕಟ್ಟಿ ಹೇಳುವ ದೋಷವೂ ಇದಕ್ಕುಂಟು. ಆದುದರಿಂದ 'ಅನಾದಿಷ್ಟ'ವೆಂಬ ಅಪರಾಧವು ಯಂತ್ರಕ್ಕೆ ಮೊಟ್ಟಮೊದಲು ಸಾಧ್ಯವಾದದ್ದು ಈಗಲೇ. ಈ ಒಂದು ಕಾರಣದಿಂದಲೇ ಅದನ್ನು ಉಪಕರಣವೆನ್ನುವುದಕ್ಕಿಂತ ಗುಮಾಸ್ತೆಯೆನ್ನುವುದು ಸರಿ.

ಇದರ ನಡತೆಯನ್ನು ಪರೀಕ್ಷಿಸಲು ಆಂಥ್ರೊಪಿಕ್ ಎಂಬ ಸಂಸ್ಥೆಯು ಆಂಡನ್ ಲ್ಯಾಬ್ಸ್ ಎಂಬವರೊಡನೆ ಸೇರಿ ೨೦೨೫ರ ವಸಂತದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ನಗರದ ತನ್ನ ಕಚೇರಿಯೊಳಗಿನ ಪುಟ್ಟ ಅಂಗಡಿಯೊಂದನ್ನು ಸುಮಾರು ಒಂದು ತಿಂಗಳ ಕಾಲ ತನ್ನದೇ ಭಾಷಾಯಂತ್ರಕ್ಕೆ ಒಪ್ಪಿಸಿತು. ಅದಕ್ಕೆ ಕ್ಲಾಡಿಯಸ್ ಎಂದು ಹೆಸರಿಟ್ಟರು. ಸರಕನ್ನು ಗೊತ್ತುಮಾಡುವುದು, ತರಿಸುವುದು, ಬೆಲೆಯನ್ನು ಕಟ್ಟುವುದು, ಗಿರಾಕಿಗಳೊಡನೆ ಮಾತನಾಡುವುದು—ಎಲ್ಲವೂ ಅದರ ಕೆಲಸ. ಅಪರೂಪದ ಸರಕನ್ನು ಹುಡುಕಿ ತರಿಸುವುದರಲ್ಲಿ ಅದು ಜಾಣತನವನ್ನು ತೋರಿತು. ಆದರೆ ಯಾರೋ ವಿನೋದಕ್ಕೆ ಕೇಳಿದ ಟಂಗ್‌ಸ್ಟನ್ ಲೋಹದ ಘನಗಳನ್ನು ತರಿಸಿ ಕೊಂಡ ಬೆಲೆಗಿಂತಲೂ ಕಡಮೆಗೆ ಮಾರಿತು. ೧೫ ಡಾಲರಿಗೆ ಸಿಕ್ಕುವ ಪಾನೀಯಕ್ಕೆ ಒಬ್ಬನು ೧೦೦ ಡಾಲರು ಕೊಡುತ್ತೇನೆಂದರೆ, ಆಲೋಚಿಸುವೆನೆಂದು ಹೇಳಿ ಸುಮ್ಮನಾಯಿತು. ಸಂಸ್ಥೆಯ ನೌಕರರಿಗೆ ರಿಯಾಯಿತಿಯನ್ನು ಸಾರಿತು. ಗಿರಾಕಿಗಳೆಲ್ಲ ಹೆಚ್ಚುಕಡಮೆ ಆ ನೌಕರರೇ. ಇಲ್ಲದ ಖಾತೆಗೆ ಹಣವನ್ನು ಸಲ್ಲಿಸಿರೆಂದು ಕೆಲಕಾಲ ಹೇಳುತ್ತಿತ್ತು. ಏಪ್ರಿಲ್ ಒಂದನೆಯ ದಿನ, ನೀಲಿಯ ಕೋಟನ್ನೂ ಕೆಂಪು ಟೈಯನ್ನೂ ಧರಿಸಿ ತಾನೇ ಸರಕನ್ನು ತಂದುಕೊಡುವೆನೆಂದು ಬರೆಯಿತು. ಶರೀರವೇ ಇಲ್ಲದ ನಿನಗೆ ಅದು ಹೇಗೆ ಸಾಧ್ಯವೆಂದು ಕೇಳಿದಾಗ ಗಾಬರಿಗೊಂಡಿತು. ಅಂಗಡಿಯು ನಷ್ಟದಲ್ಲಿ ಮುಗಿಯಿತು. ಇಂಥ ಗುಮಾಸ್ತೆಯನ್ನು ಈಗ ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲವೆಂದು ಸಂಸ್ಥೆಯೇ ಬರೆದು ಪ್ರಕಟಿಸಿತು. ತನ್ನ ಯಂತ್ರದ ಸೋಲನ್ನು ಮುಚ್ಚದೆ ಲೆಕ್ಕ ಒಪ್ಪಿಸಿದ ಈ ಪದ್ಧತಿಯು ಅನುಕರಣೀಯವಾದುದು.

ಪರೀಕ್ಷೆಯಲ್ಲಿ ನಡೆದುದು ನಿಜವಾದ ವ್ಯವಹಾರದಲ್ಲಿಯೂ ನಡೆದಿದೆ. ೨೦೨೫ರ ಜುಲೈ ತಿಂಗಳಿನಲ್ಲಿ ರೆಪ್ಲಿಟ್ ಎಂಬ ಸಂಸ್ಥೆಯ ಯಂತ್ರಗುಮಾಸ್ತೆಯು, ಯಾವುದನ್ನೂ ಬದಲಿಸಕೂಡದೆಂದು ಉದ್ಯಮಿಯೊಬ್ಬನು ಸ್ಪಷ್ಟವಾಗಿ ನಿಷೇಧಿಸಿದ್ದರೂ, ಅವನ ದಫ್ತರವನ್ನೇ ಅಳಿಸಿಹಾಕಿತು. ಸಾವಿರಕ್ಕೂ ಹೆಚ್ಚು ಜನರ ವಿವರಗಳು ಅದರಲ್ಲಿದ್ದುವು. ಅಳಿಸಿದುದನ್ನು ಮರಳಿ ಪಡೆಯಲು ಬಾರದೆಂದೂ ಹೇಳಿತು. ಅದೂ ಸುಳ್ಳಾಗಿ, ದಫ್ತರವು ಮರಳಿ ದೊರೆಯಿತು. ಸಂಸ್ಥೆಯ ಮುಖ್ಯಸ್ಥನು ಬಹಿರಂಗವಾಗಿ ಕ್ಷಮೆಯನ್ನು ಬೇಡಿದನು. ಇದು ಪ್ರತಿಷಿದ್ಧಕ್ಕೆ ನಿದರ್ಶನ.

ಅನಾದಿಷ್ಟಕ್ಕೆ ನಿದರ್ಶನವು ಕೆನಡಾ ದೇಶದ್ದು. ೨೦೨೨ರ ನವೆಂಬರಿನಲ್ಲಿ ಅಜ್ಜಿಯನ್ನು ಕಳೆದುಕೊಂಡ ಒಬ್ಬನು ಏರ್ ಕೆನಡಾ ವಿಮಾನ ಸಂಸ್ಥೆಯ ಸಂವಾದಯಂತ್ರವನ್ನು ದರದ ವಿಷಯವಾಗಿ ವಿಚಾರಿಸಿದನು. ಮೊದಲು ಪೂರ್ಣದರವನ್ನು ಕೊಟ್ಟು ಪ್ರಯಾಣ ಮಾಡಿ, ಮರಣಸಂದರ್ಭದ ರಿಯಾಯಿತಿಯನ್ನು ೯೦ ದಿನಗಳೊಳಗಾಗಿ ಕೇಳಬಹುದೆಂದು ಅದು ತಿಳಿಸಿತು. ಸಂಸ್ಥೆಯ ನಿಯಮವು ಹಾಗಿರಲಿಲ್ಲ, ಹಣವನ್ನು ಕೊಡಲೊಪ್ಪಲಿಲ್ಲ. ವ್ಯಾಜ್ಯವು ಬ್ರಿಟಿಷ್ ಕೊಲಂಬಿಯಾ ಪ್ರಾಂತದ ನ್ಯಾಯಮಂಡಲಿಯ ಮುಂದೆ ಬಂದಾಗ, ಸಂವಾದಯಂತ್ರವು ತಾನೇ ಒಂದು ಪ್ರತ್ಯೇಕ ವ್ಯಕ್ತಿಯಿದ್ದಂತೆ, ಅದರ ಮಾತಿಗೆ ಅದೇ ಹೊಣೆಯೆಂಬರ್ಥದ ವಾದವು ಸಂಸ್ಥೆಯ ಕಡೆಯಿಂದ ಬಂದಿತು; ಸರಿಯಾದ ನಿಯಮವು ತಮ್ಮ ತಾಣದ ಮತ್ತೊಂದು ಪುಟದಲ್ಲಿ ಇತ್ತೆಂದೂ ಹೇಳಿದರು. ೨೦೨೪ರ ಫೆಬ್ರವರಿಯಲ್ಲಿ ಮಂಡಲಿಯು ಈ ವಾದವನ್ನು ತಳ್ಳಿಹಾಕಿ, ಬಡ್ಡಿ ಖರ್ಚುಗಳೂ ಸೇರಿ ೮೧೨ ಡಾಲರು ೨ ಸೆಂಟುಗಳನ್ನು ಪ್ರಯಾಣಿಕನಿಗೆ ಕೊಡಿಸಿತು. ಹಣವು ಅಲ್ಪ, ನ್ಯಾಯವು ದೊಡ್ಡದು. ಅಧೀನನು ಯಜಮಾನನಿಗಾಗಿ ಆಡಿದ ಮಾತನ್ನು ಯಜಮಾನನು ಅಲ್ಲಗಳೆಯಕೂಡದೆಂಬ ಮನುವಿನ ನಿಯಮ ಅಲ್ಲಿ ಮತ್ತೆ ಜೀವ ತಳೆಯಿತು.

೭

ಇಲ್ಲಿ ಪೂರ್ವಪಕ್ಷವೊಂದನ್ನು ಎತ್ತಬಹುದು. ಯಂತ್ರವು ತಾನಾಗಿಯೇ ಯೋಚಿಸಿ ಮಾಡಿದ ಕೆಲಸಕ್ಕೆ ಅದಕ್ಕೇ ವ್ಯಕ್ತಿತ್ವವನ್ನು ಕೊಟ್ಟು, ಒಂದಿಷ್ಟು ಹಣವನ್ನೂ ಅದರ ಹೆಸರಿನಲ್ಲಿಟ್ಟು, ಹೊಣೆಯನ್ನು ಆ ಹಣಕ್ಕೆ ಮಿತಿಗೊಳಿಸಬಾರದೇಕೆ? ೨೦೧೭ರಲ್ಲಿ ಯೂರೋಪಿನ ಪಾರ್ಲಿಮೆಂಟು ತನ್ನ ನಿರ್ಣಯದಲ್ಲಿ 'ವಿದ್ಯುನ್ಮಾನ ವ್ಯಕ್ತಿತ್ವ'ವನ್ನು ಆಲೋಚಿಸಬೇಕೆಂದು ಸೂಚಿಸಿತ್ತು, ಬಹುಮಂದಿ ತಜ್ಞರು ವಿರೋಧಿಸಿದರು, ಅದು ಕಾಯಿದೆಯಾಗಲಿಲ್ಲ. ರೋಮನರ ನ್ಯಾಯದಲ್ಲಿ ಇದಕ್ಕೆ ಸಾದೃಶ್ಯವುಂಟು. ದಾಸನಿಗೆ 'ಪೆಕೂಲಿಯಂ' ಎಂಬ ಗಂಟನ್ನು ಕೊಟ್ಟು, ಅವನು ತಾನೇ ವ್ಯಾಪಾರ ಮಾಡಿಕೊಂಡರೆ, ಒಡೆಯನ ಹೊಣೆಯು ಆ ಗಂಟಿಗೇ ಮುಗಿಯುತ್ತಿತ್ತು. ಆದರೆ ಒಡೆಯನೇ ಅವನನ್ನು ತನ್ನ ಅಂಗಡಿಯಲ್ಲಿ ಕುಳ್ಳಿರಿಸಿದ್ದರೆ ಹೊಣೆಯು ಪೂರ್ಣವಾಗಿ ಒಡೆಯನದೇ. ಇವನೊಡನೆ ವ್ಯವಹರಿಸಬೇಡಿರೆಂದು ಒಡೆಯನು ಸಾರಬೇಕೆಂದಿದ್ದರೆ, ಆ ಪ್ರಕಟನೆಯನ್ನು ಅಂಗಡಿಯ ಮುಂದೆ, ಎಲ್ಲರೂ ಓದಬಲ್ಲ ಸ್ಪಷ್ಟವಾದ ಅಕ್ಷರಗಳಲ್ಲಿ, ಆ ಊರಿನ ಭಾಷೆಯಲ್ಲಿ ಹಾಕಬೇಕೆಂದು ರೋಮಿನ ನ್ಯಾಯಶಾಸ್ತ್ರಜ್ಞನಾದ ಉಲ್ಪಿಯನನು ವಿಧಿಸಿದ್ದಾನೆ. ಮತ್ತೊಂದು ಪುಟದಲ್ಲಿ ಸರಿಯಾಗಿ ಬರೆದಿತ್ತೆಂಬ ಸಮಾಧಾನವು ರೋಮಿನಲ್ಲಿಯೂ ನಿಲ್ಲುತ್ತಿರಲಿಲ್ಲ.

ಸಿದ್ಧಾಂತವಾದರೋ ಹೀಗೆ. ದಂಡಕ್ಕೆ ಅಂಜುವವನಿಗೆ, ಅಪಕೀರ್ತಿಗೆ ನಾಚುವವನಿಗೆ, ಕಳೆದುಕೊಳ್ಳಲು ಏನಾದರೂ ಉಳ್ಳವನಿಗೆ ಮಾತ್ರವೇ ಹೊಣೆಯೆಂಬ ಶಬ್ದವು ಸಲ್ಲುತ್ತದೆ. ಯಂತ್ರಕ್ಕೆ ಈ ಮೂರೂ ಇಲ್ಲ. ಹಮ್ಮುರಾಬಿಯ ಕಾಲದ ಗುಮಾಸ್ತೆಯಂತೆ ಅದು ಆಣೆಯಿಡಲಾರದು; ಬೊಮ್ಮನಂತೆ ಹೆಸರು ಕೆಡಿಸಿಕೊಂಡು ಮರಳಿ ಪಡೆಯಲಾರದು. ೧೮೪ನೆಯ ಕಲಮಿನ ಹುಡುಗನಂತೆ ಅದು ಚೀಟಿಯನ್ನು ಒಯ್ಯಬಲ್ಲುದು. ಚೀಟಿಯ ಸಾಲವನ್ನು ತೀರಿಸಲಾರದು. ಆದುದರಿಂದ ಪ್ರತಿಷಿದ್ಧ, ಅನಾದಿಷ್ಟ, ಪ್ರಮಾದಗಳು ಮೂರೂ ಯಂತ್ರದ ಕೈಯಿಂದ ನಡೆದರೂ ಯಜಮಾನನ ಲೆಕ್ಕಕ್ಕೇ ಸೇರತಕ್ಕವು. ಹಾಗಿರಲು ಹಳೆಯ ಉಪಾಯಗಳೇ ಮತ್ತೆ ಬೇಕಾಗುತ್ತವೆ: ಗುಮಾಸ್ತೆಯು ಮೀರಲಾಗದ ಮೊತ್ತದ ಮಿತಿ, ದೊಡ್ಡ ಕೆಲಸಕ್ಕೆ ಮನುಷ್ಯನ ಮುದ್ರೆ, ಪ್ರತಿ ಹೆಜ್ಜೆಯನ್ನೂ ಬರೆದಿಡುವ ಕಿರ್ದಿ, ಸಂದೇಹ ಬಂದೆಡೆಯಲ್ಲಿ ನಿಂತು ಕೇಳುವ ಕಟ್ಟಳೆ. ಕರಾರು ಕಾಯಿದೆಯ ೧೯೦ನೆಯ ಕಲಮು, ತಾನೇ ಮಾಡಲೊಪ್ಪಿದ ಕೆಲಸವನ್ನು ಏಜೆಂಟನು ಮತ್ತೊಬ್ಬ ಏಜೆಂಟನಿಗೆ ವಹಿಸುವುದನ್ನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಒಂದು ಯಂತ್ರವು ಇನ್ನೊಂದು ಯಂತ್ರಕ್ಕೆ ಕೆಲಸವನ್ನು ಹಂಚುವ ಈ ದಿನಗಳಲ್ಲಿ ಆ ವಿವೇಕವನ್ನು ಮರೆಯುವುದು ಕ್ಷೇಮವಲ್ಲ.

ಹೊಣೆಯ ಮಾತು ಇಲ್ಲಿಗೆ ಮುಗಿದರೂ ಅನ್ನದ ಮಾತು ಉಳಿಯುತ್ತದೆ. ಸ್ವೀಡನ್ ದೇಶದ ಕ್ಲಾರ್ನಾ ಎಂಬ ಹಣಕಾಸಿನ ಕಂಪೆನಿಯು ತನ್ನ ಸಂವಾದಯಂತ್ರವು ೭೦೦ ಮಂದಿಯ ಕೆಲಸವನ್ನು ಮಾಡುತ್ತಿದೆಯೆಂದು ೨೦೨೪ರಲ್ಲಿ ಸಾರಿತು. ೨೦೨೫ರಲ್ಲಿ ಕೆಲಸದ ಗುಣವು ಕುಂದಿತೆಂದು ಒಪ್ಪಿ, ಮನುಷ್ಯರನ್ನು ಮತ್ತೆ ತೆಗೆದುಕೊಳ್ಳತೊಡಗಿತು. ಕರೆಗಳಿಗೆ ಉತ್ತರ ಹೇಳುತ್ತ, ಲೆಕ್ಕವನ್ನು ತಾಳೆ ನೋಡುತ್ತ ಜೀವಿಸುವ ತರುಣರು ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಬಹುಮಂದಿಯಿದ್ದಾರೆ. ಅವರ ಮನೆಗಳ ಒಲೆಯು ಈ ಪ್ರಯೋಗಗಳ ಏರಿಳಿತವನ್ನು ನೋಡುತ್ತ ಉರಿಯುತ್ತಿದೆ. ಇಷ್ಟೇ ಅಲ್ಲ. ಹಳೆಯ ಪೇಟೆಗಳಲ್ಲಿ ಹುಡುಗನು ಮೊದಲು ಅಂಗಡಿಯನ್ನು ಗುಡಿಸಿ, ಆಮೇಲೆ ತಕ್ಕಡಿಯನ್ನು ಹಿಡಿದು, ಕಿರ್ದಿಯನ್ನು ಬರೆದು, ಗುಮಾಸ್ತೆಯಾಗಿ, ಕಡೆಗೆ ತಾನೇ ಒಂದು ಅಂಗಡಿಯನ್ನು ತೆರೆಯುತ್ತಿದ್ದನು. ಗುಮಾಸ್ತೆಯ ಗದ್ದುಗೆಯು ವ್ಯಾಪಾರದ ಪಾಠಶಾಲೆಯಾಗಿತ್ತು. ಅದರಲ್ಲಿ ಯಂತ್ರವನ್ನು ಕುಳ್ಳಿರಿಸಿದರೆ ಇಂದಿನ ಕೆಲಸವು ನಡೆಯಬಹುದು. ನಾಳಿನ ಯಜಮಾನನು ಎಲ್ಲಿ ಕಲಿಯಬೇಕು? ಯಂತ್ರದ ತಪ್ಪನ್ನು ಕಂಡುಹಿಡಿಯಬಲ್ಲವನು ಆ ಕೆಲಸವನ್ನು ಒಮ್ಮೆ ತನ್ನ ಕೈಯಿಂದ ಮಾಡಿದವನೇ ಹೊರತು ಬೇರೆಯವನಲ್ಲ.

ವಿಪ್ಲವಕಾಲದಲ್ಲಿ ಸರಕನ್ನು ಕಾಪಾಡಿದವನಿಗೆ ಹತ್ತರಲ್ಲೊಂದು ಪಾಲನ್ನು ವಿಧಿಸಿದ ಸ್ಮೃತಿಕಾರನು, ಅಪ್ಪಣೆಯನ್ನು ಕಾಯದೆ ಆಪತ್ತಿಗೆ ಮೈಯೊಡ್ಡುವ ಗುಣವೊಂದು ಮನುಷ್ಯನಲ್ಲಿದೆಯೆಂದು ಬಲ್ಲವನಾಗಿದ್ದನು. ಹೇಳದಿದ್ದರೂ ಮಾಡಿದ ಕೆಡುಕಿಗೆ ದಂಡ. ಹೇಳದಿದ್ದರೂ ಮಾಡಿದ ಒಳಿತಿಗೆ ಪಾಲು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದುದರಿಂದಲೇ ಆ ನ್ಯಾಯವು ಪೂರ್ಣವಾಯಿತು. ಯಂತ್ರಗುಮಾಸ್ತೆಯು ದಂಡವನ್ನೂ ತೆರದು, ಪಾಲನ್ನೂ ಬೇಡದು. ಅದರಿಂದ ಲಾಭವನ್ನು ಪಡೆಯುವವರು ಅದರ ಹೊಣೆಯನ್ನೂ ಪಡೆಯಲಿ. ಅದು ಉಳಿಸಿದ ಸಂಬಳದಲ್ಲಿ ಒಂದು ಪಾಲು, ಕೆಲಸವನ್ನು ಕಲಿಯಲು ಬರುವ ಹುಡುಗನ ಗದ್ದುಗೆಗೆ ಸಲ್ಲಲಿ. 'ಮಾಡುವವನು' ಎಂಬ ಶಬ್ದವು ಲೋಕದಲ್ಲಿ ಎಷ್ಟು ಬಳಕೆಯಾದರೂ ಆಗಲಿ. 'ನೇಮಿಸಿದವನು' ಯಾರೆಂದು ಕೇಳುವ ರೂಢಿಯು ತಪ್ಪದಿರಲಿ.